ಆಯುಧಪೂಜೆಯ ರಾತ್ರಿ, ಕೌಂಟರಿನ ಈಚೆ ನಿಂತು

ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ನಾವು ಇಳಿದಾಗ ರಾತ್ರಿ 11 ಗಂಟೆ 10 ನಿಮಿಷ. ಆಯುಧಪೂಜೆಯ ದಿನ, ಮರುದಿನ ಜಂಬೂ ಸವಾರಿ. ಮಧ್ಯಾಹ್ನ ಒಂದೂವರೆಗೆ ಮಂಗಳೂರು ಬಿಟ್ಟ ಬಸ್ಸು ಎಂಟೂವರೆಗೆಲ್ಲ ಮುಟ್ಟಬೇಕಿತ್ತು. ಸಂಪಾಜೆ ಘಾಟಿಯಲ್ಲಿ ಮಳೆ. ಮಡಿಕೇರಿಯಲ್ಲಿ ಅಲ್ಲಿನದೇ ದಸರಾದ ಜನ. ಹುಣಸೂರು ದಾಟಿದ ಮೇಲೆ ಗಾಡಿಗಳ ಸಾಲು. ಜೊತೆಗೆ ಅರವತ್ತೆಂಟು ವರ್ಷದ ಅಮ್ಮ, ಒಂಬತ್ತು ವರ್ಷದ ಮಗಳು. ಹೆಂಡತಿಗೆ ರಜೆ ಸಿಕ್ಕಿರಲಿಲ್ಲ. ಮಗಳು ನನ್ನ ಹೆಗಲ ಮೇಲೆಯೇ ನಿದ್ದೆ ಹೋಗಿದ್ದಳು.

ರೂಮು ಎರಡು ತಿಂಗಳ ಹಿಂದೆಯೇ ಬುಕ್ ಆಗಿತ್ತು. ಆ್ಯಪ್‌ನಲ್ಲಿ ಪೂರ್ತಿ ದುಡ್ಡು ಕಟ್ಟಿದ್ದೆ. ಸಾಲದ್ದಕ್ಕೆ ಸಂಜೆ ಆರಕ್ಕೆ ಮಡಿಕೇರಿಯಿಂದ ಹೋಟೆಲಿಗೆ ಫೋನ್ ಮಾಡಿ, "ಲೇಟಾಗತ್ತೆ, ಹತ್ತು ದಾಟಬಹುದು" ಅಂತ ಹೇಳಿದ್ದೆ. "ಬನ್ನಿ ಸಾರ್, ಏನೂ ತೊಂದರೆ ಇಲ್ಲ" ಅಂದಿದ್ದರು.

ಕೌಂಟರಿನಲ್ಲಿ ಒಬ್ಬ ಹುಡುಗ ಇದ್ದ. ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು. ನನ್ನ ಹೆಸರು ಕೇಳಿದ. ಕಂಪ್ಯೂಟರ್ ನೋಡಿದ. ಮೌಸನ್ನು ಸುಮ್ನೆ ಮೇಲೆ ಕೆಳಗೆ ಆಡಿಸಿದ. ಅಷ್ಟರಲ್ಲೇ ನನಗೆ ಗೊತ್ತಾಯಿತು.

"ಸಾರಿ ಸಾರ್. ರೂಮ್ ಇಲ್ಲ."

ಗೊತ್ತಾಗಿದ್ದು ಯಾಕೆ ಅಂದರೆ, ನಾನೂ ಹಾಗೆಯೇ ಮೌಸ್ ಆಡಿಸಿದವನು. ಮಂಗಳೂರಿನ ಒಂದು ಹೋಟೆಲಿನಲ್ಲಿ ಒಂಬತ್ತು ವರ್ಷ ಫ್ರಂಟ್ ಆಫೀಸಿನ ಕೆಲಸ ಮಾಡಿದ್ದೇನೆ, ಅದರಲ್ಲಿ ಆರು ವರ್ಷ ಬರೀ ನೈಟ್ ಶಿಫ್ಟ್. ಬುಕಿಂಗ್ ಇಟ್ಟುಕೊಂಡು ಬಂದವರನ್ನು ರೂಮಿಲ್ಲ ಅಂತ ಬೇರೆ ಕಡೆ ಕಳಿಸುವುದಕ್ಕೆ ನಮ್ಮ ಕೆಲಸದಲ್ಲಿ "ಗೆಸ್ಟನ್ನು ವಾಕ್ ಮಾಡೋದು" ಅಂತಾರೆ. ಅದನ್ನು ಕೆಟ್ಟದಾಗಿಯೂ ಮಾಡಿದ್ದೇನೆ, ಆಮೇಲೆ ಸರಿಯಾಗಿ ಮಾಡುವುದನ್ನೂ ಕಲಿತಿದ್ದೇನೆ. ಕೌಂಟರಿನ ಈಚೆ ಕಡೆ ನಿಂತದ್ದು ಮಾತ್ರ ಅದೇ ಮೊದಲು.

ಇರುವ ರೂಮಿಗಿಂತ ಜಾಸ್ತಿ ಬುಕಿಂಗ್ ಯಾಕೆ ತಗೊಳ್ತಾರೆ ಅಂತ ತುಂಬ ಜನ ಕೇಳ್ತಾರೆ. ನಲವತ್ತು ರೂಮಿನ ಹೋಟೆಲ್ ಅಂತ ಇಟ್ಟುಕೊಳ್ಳಿ. ಮಾಮೂಲಿ ದಿನ ಬುಕ್ ಮಾಡಿದವರಲ್ಲಿ ಮೂರ್ನಾಲ್ಕು ಜನ ಬರುವುದೇ ಇಲ್ಲ, ಅಥವಾ ಸಂಜೆ ಕ್ಯಾನ್ಸಲ್ ಮಾಡ್ತಾರೆ. ಖಾಲಿ ಬಿದ್ದ ರೂಮಿನ ಆ ರಾತ್ರಿಯ ದುಡ್ಡು ಮತ್ತೆ ಬರುವುದಿಲ್ಲ. ಅದಕ್ಕೆ ನಲವತ್ತಮೂರು ಮಾರ್ತಾರೆ. ಅದರ ಮೇಲೆ ಒಂದೇ ರೂಮು ನಾಲ್ಕೈದು ಆ್ಯಪ್‌ಗಳಲ್ಲಿ ಒಟ್ಟಿಗೆ ಕಾಣ್ತಾ ಇರುತ್ತದೆ. ಒಂದು ಕಡೆ ಮಾರಿದ್ದು ಇನ್ನೊಂದು ಕಡೆ ಅಳಿಸಿಹೋಗುವುದು ಸ್ವಲ್ಪ ತಡವಾದರೂ ಎರಡು ಸಲ ಮಾರಿಹೋಯಿತು. ಬೆಳಿಗ್ಗೆ ಖಾಲಿ ಮಾಡಬೇಕಾದವರು "ಇನ್ನೊಂದು ದಿನ ಇರ್ತೇವೆ" ಅಂದರೆ ಎಬ್ಬಿಸಿ ಕಳಿಸುವುದು ಕಷ್ಟ. ಒಂದು ಬಾತ್‌ರೂಮ್ ಸೋರಿದರೆ ಆ ರೂಮೂ ಲೆಕ್ಕದಿಂದ ಹೋಯಿತು. ಮಾಮೂಲಿ ದಿನ ಇದೆಲ್ಲ ಹೇಗೋ ಸರಿದೂಗುತ್ತದೆ. ದಸರಾದಲ್ಲಿ ಸರಿದೂಗುವುದಿಲ್ಲ, ಯಾಕೆಂದರೆ ದಸರಾಕ್ಕೆ ಬುಕ್ ಮಾಡಿದವರು ಎಲ್ಲರೂ ಬರ್ತಾರೆ.

ಲೆಕ್ಕ ತಪ್ಪಿದಾಗ ಯಾರನ್ನು ಹೊರಗೆ ಕಳಿಸ್ತಾರೆ? ಕಂಪನಿ ಗಿರಾಕಿಗಳನ್ನು ಮುಟ್ಟುವುದಿಲ್ಲ. ನಾಲ್ಕು ದಿನ ಇರುವವರನ್ನು ಮುಟ್ಟುವುದಿಲ್ಲ. ಒಂದೇ ರಾತ್ರಿಯವರು, ಕಡಿಮೆ ರೇಟಿನಲ್ಲಿ ಬುಕ್ ಮಾಡಿದವರು, ಎಲ್ಲಕ್ಕಿಂತ ಹೆಚ್ಚಾಗಿ ಕೊನೆಗೆ ಬಂದವರು ಸಿಕ್ಕಿಬೀಳ್ತಾರೆ. ಇದನ್ನು ಯಾರೂ ಕೂತು ತೀರ್ಮಾನ ಮಾಡುವುದಿಲ್ಲ. ಬಂದವರಿಗೆ ಬಂದ ಹಾಗೆ ಕೀ ಕೊಡ್ತಾ ಹೋಗ್ತಾರೆ, ಕೀ ಮುಗಿದಾಗ ಎದುರಿಗೆ ಯಾರು ನಿಂತಿರ್ತಾರೋ ಅವರಿಗೆ ಇಲ್ಲ ಅಂತಾರೆ. ಹಾಗೆ ಕೊನೆಗೆ ಬರುವವರು ಯಾರು? ಬಸ್ಸಿಗೆ ಬರುವವರು, ದೂರದಿಂದ ಬರುವವರು, ಮಕ್ಕಳು ಮುದುಕರನ್ನು ಕಟ್ಟಿಕೊಂಡು ನಿಧಾನಕ್ಕೆ ಬರುವವರು. ನನಗೆ ಈ ಕೆಲಸದಲ್ಲಿ ತಡೆದುಕೊಳ್ಳಲು ಆಗದ ವಿಷಯ ಇದೊಂದೇ.

ಆ ರಾತ್ರಿ ನಾನು ಮೊದಲು ಮಾಡಿದ್ದು ಅಮ್ಮನನ್ನು ಕೂರಿಸಿದ್ದು. "ಅಮ್ಮ ಸ್ವಲ್ಪ ಬಾತ್‌ರೂಮಿಗೆ ಹೋಗಿ ಬರಲಿ, ಕುಡಿಯೋಕೆ ನೀರು ಕೊಡಿ" ಅಂದೆ. ಹುಡುಗ ತಕ್ಷಣ ಎದ್ದು ದಾರಿ ತೋರಿಸಿದ. ಮಗಳನ್ನು ಸೋಫಾದ ಮೇಲೆ ಮಲಗಿಸಿದೆ, ಬ್ಯಾಗುಗಳನ್ನು ಲಾಬಿಯ ಒಳಗೇ ಇಟ್ಟೆ. ಇದು ಮುಖ್ಯ. ಸಿಟ್ಟಿನಲ್ಲಿ ಬ್ಯಾಗ್ ಎತ್ತಿಕೊಂಡು ಹೊರಗೆ ಬಂದವರ ಸಮಸ್ಯೆ ಹೋಟೆಲಿನ ಮಟ್ಟಿಗೆ ಅಲ್ಲಿಗೇ ಮುಗಿಯಿತು. ಎಷ್ಟೋ ಜನ ಹಾಗೆ ಹೊರಟುಹೋದಾಗ ನಾನು ನೆಮ್ಮದಿಯ ಉಸಿರು ಬಿಟ್ಟಿದ್ದೇನೆ. ಹಾಗಾಗಿ ನಾನು ಹೊರಡುವ ಮಾತೇ ಇರಲಿಲ್ಲ.

ಅಮ್ಮ ವಾಪಸು ಬಂದು ಮೆಲ್ಲ ಹೇಳಿದರು, "ಜಗಳ ಮಾಡ್ಬೇಡ ಮಗಾ. ಅವನೂ ಪಾಪ, ಊಟ ಮಾಡಿದ ಹಾಗೆ ಕಾಣುದಿಲ್ಲ."

ಆಗ ನಾನು ಆ ಕೌಂಟರನ್ನು ಸರಿಯಾಗಿ ನೋಡಿದೆ. ಸಂಜೆ ಪೂಜೆ ಮಾಡಿದ್ದರು. ಕಂಪ್ಯೂಟರಿನ ಮೇಲೆ ಚೆಂಡುಹೂವಿನ ಸಣ್ಣ ಮಾಲೆ. ಕೀಬೋರ್ಡಿನ ಮೂಲೆಗೆ ಕುಂಕುಮ, ರಿಜಿಸ್ಟರಿನ ರಟ್ಟಿಗೆ ಅರಿಶಿನದ ಬೊಟ್ಟು. ಕಾರ್ಡ್ ಉಜ್ಜುವ ಮಷೀನಿಗೂ ಒಂದು ಹೂವು ಸಿಕ್ಕಿಸಿದ್ದರು. ನಾವೂ ಹೀಗೆಯೇ ಮಾಡುತ್ತಿದ್ದೆವು. ಹುಡುಗನ ಹಿಂದೆ ಕೀ ಹಾಕುವ ಹಲಗೆ. ಅದರಲ್ಲಿ ಎರಡು ಕೀ ಇನ್ನೂ ನೇತಾಡುತ್ತಿದ್ದವು.

"ಆ ಎರಡು ಯಾರದ್ದಪ್ಪಾ?"

ಹುಡುಗ ತಿರುಗಿ ನೋಡಿದ. "ಒಂದರಲ್ಲಿ ನೀರು ಸೋರ್ತಾ ಇದೆ ಸಾರ್. ಇನ್ನೊಂದು ಓನರ್ ಕಡೆಯವರಿಗೆ ಇಟ್ಟಿದ್ದಾರೆ. ಕೊಟ್ರೆ ನನ್ನ ಕೆಲಸ ಹೋಗತ್ತೆ."

ನಿಜವೇ ಹೇಳ್ತಿದ್ದಾನೆ ಅನ್ನಿಸಿತು. ಆ ಕೀಗಾಗಿ ಹಟ ಹಿಡಿಯಲಿಲ್ಲ. ನೈಟ್ ಶಿಫ್ಟಿನ ಹುಡುಗನ ಕೈಯಲ್ಲಿ ರೂಮ್ ಕೊಡುವ ಅಧಿಕಾರ ಇರುವುದಿಲ್ಲ, ದುಡ್ಡು ಕೊಡುವ ಅಧಿಕಾರವೂ ಇರುವುದಿಲ್ಲ. ಬೈಗುಳ ಮಾತ್ರ ಅವನಿಗೆ. ಅಧಿಕಾರ ಇರುವವರು ಆ ಹೊತ್ತಿಗೆ ಮನೆಯಲ್ಲಿ ಮಲಗಿರ್ತಾರೆ. ಅದಕ್ಕೆ, "ಮ್ಯಾನೇಜರಿಗೆ ಫೋನ್ ಮಾಡಿ ನನಗೆ ಕೊಡು. ಅವರು ಎತ್ತುವವರೆಗೂ ಮಾಡ್ತಾ ಇರು, ನಾವು ಇಲ್ಲೇ ಕೂತಿರ್ತೇವೆ" ಅಂದೆ. ನಾಲ್ಕನೇ ಸಲಕ್ಕೆ ಎತ್ತಿದರು.

ಮ್ಯಾನೇಜರಿಗೆ ಮೂರೇ ವಿಷಯ ಹೇಳಿದೆ. ಪೂರ್ತಿ ದುಡ್ಡು ಕಟ್ಟಿದ್ದೇನೆ. ಸಂಜೆ ಆರಕ್ಕೆ ಫೋನ್ ಮಾಡಿದ್ದು ನನ್ನ ಮೊಬೈಲಿನಲ್ಲಿದೆ. ವಯಸ್ಸಾದವರು, ಮಗು ಇದ್ದಾರೆ. ಆಮೇಲೆ ನನಗೆ ಬೇಕಾದ್ದು ಕೇಳಿದೆ. ಬೇರೆ ರೂಮು ನೀವೇ ಹುಡುಕಿ, ಅದಕ್ಕೆ ಜಾಸ್ತಿ ಆಗುವ ದುಡ್ಡು ನೀವು ಕೊಡಿ, ಅಲ್ಲಿಗೆ ಹೋಗುವ ಗಾಡಿ ನೀವು ಮಾಡಿ. ಇಷ್ಟನ್ನು ದನಿ ಏರಿಸದೆ ಕೇಳಿದರೆ ಸಾಕು. ಹೋಟೆಲಿನವರಿಗೆ ಇದು ಹೊಸ ಮಾತಲ್ಲ, ಕೇಳುವವರು ಕಡಿಮೆ ಅಷ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿದರು.

ಅವರೇ ಹುಡುಕಬೇಕು ಅಂತ ನಾನು ಹಟ ಹಿಡಿದದ್ದಕ್ಕೆ ಕಾರಣ ಇದೆ. ನಾವು ಮೊಬೈಲ್ ನೋಡಿದರೆ ಎಲ್ಲ ಕಡೆ ರೂಮ್ ಇಲ್ಲ ಅಂತ ಕಾಣುತ್ತದೆ. ಆದರೆ ಯಾವ ಲಾಡ್ಜಿನಲ್ಲಿ ಬರಬೇಕಾದ ಪಾರ್ಟಿ ಬಂದಿಲ್ಲ, ಎಲ್ಲಿ ಒಂದು ರೂಮ್ ಹಿಡಿದಿಟ್ಟಿದ್ದಾರೆ ಅನ್ನುವುದು ನೈಟ್ ಶಿಫ್ಟಿನವರಿಗೆ ಒಬ್ಬರಿಗೊಬ್ಬರಿಗೆ ಗೊತ್ತಿರುತ್ತದೆ. ಮಂಗಳೂರಿನಲ್ಲಿ ನನ್ನ ಹತ್ತಿರ ಹನ್ನೊಂದು ಹೋಟೆಲಿನ ನೈಟ್ ಡೆಸ್ಕಿನವರ ನಂಬರ್ ಇತ್ತು. ಹೊಸಬ ಕೇಳಿದರೆ ಇಲ್ಲ ಅನ್ನುವವರು ನಮಗೆ ಕೊಡುತ್ತಿದ್ದರು, ಯಾಕೆಂದರೆ ಮುಂದಿನ ವಾರ ಅವರಿಗೆ ನಾವು ಬೇಕು.

ರೈಲು ನಿಲ್ದಾಣದ ರಿಟೈರಿಂಗ್ ರೂಮ್ ನೆನಪಾಯಿತು. ಆದರೆ ಅದಕ್ಕೆ ಕನ್ಫರ್ಮ್ ಆದ ಇಲ್ಲವೇ ಆರ್‌ಎಸಿ ಟಿಕೆಟ್ ಬೇಕು, ನಾವು ಬಸ್ಸಿನವರು.

ಹುಡುಗ ಗಾಂಧಿ ಚೌಕದ ಸುತ್ತಿನ ಲಾಡ್ಜುಗಳಿಂದ ಶುರುಮಾಡಿದ. ಇಲ್ಲ, ಇಲ್ಲ, ಇಲ್ಲ. ಧನ್ವಂತರಿ ರಸ್ತೆಯಲ್ಲಿ ಒಂದು ರೂಮಿತ್ತು, ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ಅಮ್ಮನ ಮಂಡಿಗೆ ಆಗುವುದಿಲ್ಲ ಅಂದೆ. "ಊರು ಬಿಟ್ಟು ಸ್ವಲ್ಪ ಆಚೆ ನೋಡು, ಶ್ರೀರಂಗಪಟ್ಟಣ, ನಂಜನಗೂಡು" ಅಂದೆ. ನಂಜನಗೂಡಿನಲ್ಲಿ ಸಿಕ್ಕಿತು. ಸುಮಾರು 25 ಕಿ.ಮೀ. ದೂರ. ದೇವಸ್ಥಾನಕ್ಕೆ ಬರುವವರಿಗೆ ಅಂತಲೇ ಅಲ್ಲಿ ಲಾಡ್ಜುಗಳಿವೆ. ಅಲ್ಲಿನವರ ಜೊತೆ ನಾನೇ ಮಾತಾಡಿದೆ. ನನ್ನ ಹೆಸರು ಬರೆಸಿದೆ, ನೆಲಮಹಡಿ ಹೌದೋ ಅಂತ ಕೇಳಿದೆ, ಫೋನ್ ಎತ್ತಿದವರ ಹೆಸರು ಬರೆದುಕೊಂಡೆ. ಅಷ್ಟು ದೂರ ಹೋಗಿ ಅಲ್ಲೂ ಇಲ್ಲ ಅನ್ನಿಸಿಕೊಳ್ಳಬಾರದು ಅಲ್ವಾ.

ಹೊರಡುವ ಮುಂಚೆ ಇನ್ನೊಂದು ಕೆಲಸ ಇತ್ತು. ಬುಕಿಂಗಿನ ವೋಚರ್ ಪ್ರಿಂಟ್ ತೆಗೆಸಿ, ಅದರ ಕೆಳಗೆ ಹುಡುಗನ ಕೈಯಿಂದಲೇ ಬರೆಸಿದೆ: "ಗೆಸ್ಟ್ ರಾತ್ರಿ 11.20ಕ್ಕೆ ಬಂದಿದ್ದಾರೆ. ರೂಮ್ ಲಭ್ಯವಿಲ್ಲದ ಕಾರಣ ಕೊಡಲಾಗಿಲ್ಲ." ಸಹಿ, ಸೀಲು, ತಾರೀಕು. ಅವನು ಹಿಂಜರಿದ. ಮ್ಯಾನೇಜರಿಗೆ ಮತ್ತೆ ಫೋನ್ ಮಾಡಿಸಿ ಅವರಿಂದಲೇ ಹೂಂ ಅನ್ನಿಸಿದೆ. ಈ ಒಂದು ಸಾಲು ಬೇಕೇ ಬೇಕು. ರಾತ್ರಿ ಲೆಕ್ಕ ಮುಚ್ಚುವಾಗ ರೂಮ್ ಸಿಗದ ಬುಕಿಂಗನ್ನು "ನೋ-ಶೋ" ಅಂತ ಹಾಕಿಬಿಡುವುದು ತುಂಬ ಸುಲಭ. ಹಾಕಿದರೆ ಗೆಸ್ಟೇ ಬರಲಿಲ್ಲ ಅಂತಾಯಿತು, ದುಡ್ಡು ವಾಪಸು ಕೇಳುವುದಕ್ಕೆ ದಾರಿಯೇ ಇಲ್ಲ. "ನೀವೇ ಆ್ಯಪ್‌ನಲ್ಲಿ ಕ್ಯಾನ್ಸಲ್ ಮಾಡಿ ಸಾರ್, ರಿಫಂಡ್ ಬರತ್ತೆ" ಅಂತಲೂ ಹೇಳ್ತಾರೆ. ಮಾಡಬೇಡಿ. ಅದು ನಿಮ್ಮ ಕ್ಯಾನ್ಸಲೇಶನ್ ಆಗುತ್ತದೆ.

ಗಾಡಿ ಬಂದಾಗ ಹನ್ನೆರಡೂಕಾಲು. ಹುಡುಗ ನಮ್ಮ ಬ್ಯಾಗು ಹೊತ್ತು ತಂದ. ಡ್ರೈವರಿಗೆ ದುಡ್ಡು ಕೌಂಟರಿನಿಂದಲೇ ಕೊಟ್ಟ. ಗಾಡಿಯ ಮುಂದೆ ಬಾಳೆಕಂದು ಕಟ್ಟಿತ್ತು, ಬೀದಿಯಲ್ಲಿ ಒಡೆದ ಬೂದುಕುಂಬಳದ ಚೂರು. ಒಂದು ಗಂಟೆಯ ಹೊತ್ತಿಗೆ ಅಮ್ಮ ಮಲಗಿದ್ದರು.

ಬೆಳಿಗ್ಗೆ ಅಮ್ಮ ನನ್ನನ್ನು ಏಳಿಸದೆ ಮೊಮ್ಮಗಳನ್ನು ಕರೆದುಕೊಂಡು ಶ್ರೀಕಂಠೇಶ್ವರನ ದರ್ಶನ ಮಾಡಿ, ಕಪಿಲಾ ನದಿ ನೋಡಿ ಬಂದಿದ್ದರು. ಆಮೇಲೆ ಬಸ್ಸಿಗೆ ಮೈಸೂರಿಗೆ ಹೋಗಿ ಸಯ್ಯಾಜಿರಾವ್ ರಸ್ತೆಯಲ್ಲಿ ಜಾಗ ಹಿಡಿದೆವು. 750 ಕೆಜಿಯ ಚಿನ್ನದ ಅಂಬಾರಿ ಹೊತ್ತ ಆನೆ ಎದುರಿಗೆ ಬಂದಾಗ ಮಗಳು ನನ್ನ ಕೈ ಬಿಡಲೇ ಇಲ್ಲ.

ದುಡ್ಡಿನ ವಿಷಯ. ನಾನು ಹೆದರಿದ್ದೇ ಆಗಿತ್ತು. ಆ್ಯಪ್‌ನವರು ಮೊದಲು "ಹೋಟೆಲಿನವರು ನೋ-ಶೋ ಅಂತ ತಿಳಿಸಿದ್ದಾರೆ" ಅಂದರು. ಸೀಲು ಹಾಕಿದ ವೋಚರಿನ ಫೋಟೋ, ಆರು ಗಂಟೆಯ ಕಾಲ್ ಲಾಗ್, ನಂಜನಗೂಡಿನ ಬಿಲ್ಲು, ಮೂರನ್ನೂ ಕಳಿಸಿದೆ. ಎರಡು ದಿನ ಉತ್ತರ ಇಲ್ಲ. 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಿ ದೂರು ಬರೆಸಿದೆ. ಹನ್ನೊಂದನೇ ದಿನ ಪೂರ್ತಿ ದುಡ್ಡು ಖಾತೆಗೆ ಬಂತು. ಬಾರದೆ ಇದ್ದಿದ್ದರೆ ಮಂಗಳೂರಿನಲ್ಲೇ ಕೇಸು ಹಾಕುತ್ತಿದ್ದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವು ವಾಸ ಇರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ನಾವು ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ.

ಇಷ್ಟೆಲ್ಲ ನನಗೆ ಆಗಿದ್ದು ನಾನು ಆ ಕೆಲಸ ಮಾಡಿದವನಾದ್ದರಿಂದ. ಇಲ್ಲದವರಿಗೆ ಏನಾಗುತ್ತದೆ ಅನ್ನುವುದನ್ನೂ ನಾನು ನೋಡಿದ್ದೇನೆ. ನೈಟ್ ಶಿಫ್ಟಿಗೆ ಸೇರಿದ ಮೊದಲ ವರ್ಷ. ಆಸ್ಪತ್ರೆಗೆ ತೋರಿಸಲು ಶಿವಮೊಗ್ಗದ ಕಡೆಯಿಂದ ಬಂದ ಗಂಡ ಹೆಂಡತಿ, ಇಬ್ಬರಿಗೂ ಅರವತ್ತು ದಾಟಿತ್ತು. ಬುಕಿಂಗ್ ಇತ್ತು, ರೂಮ್ ಇರಲಿಲ್ಲ. "ಇಲ್ಲ ಅಂಕಲ್, ಪಕ್ಕದಲ್ಲಿ ನೋಡಿ" ಅಂದೆ. ಅವರು ಏನೂ ಅನ್ನದೆ ಹೋದರು. ಬೆಳಿಗ್ಗೆ ಆರೂವರೆಗೆ ಶಿಫ್ಟ್ ಮುಗಿಸಿ ಹೊರಟಾಗ ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಇದ್ದರು. ಆಕೆ ಆಸ್ಪತ್ರೆಯ ಫೈಲನ್ನು ತಲೆಯ ಕೆಳಗೆ ಇಟ್ಟುಕೊಂಡು ಮಲಗಿದ್ದರು. ಆತ ಕೂತೇ ಇದ್ದರು. ನನ್ನನ್ನು ನೋಡಿ ಗುರುತು ಹಿಡಿದು ತಲೆ ಆಡಿಸಿದರು. ನನಗೆ ಮಾತೇ ಹೊರಡಲಿಲ್ಲ.

ಆಮೇಲೆ ನಾನು ಕೆಲಸ ಮಾಡುವ ರೀತಿ ಬದಲಾಯಿತು. ನೈಟ್ ಶಿಫ್ಟಾದರೂ ಸಂಜೆ ನಾಲ್ಕಕ್ಕೆ ಮನೆಯಿಂದ ಫೋನ್ ಮಾಡಿ ಲೆಕ್ಕ ಕೇಳುತ್ತಿದ್ದೆ. ಎರಡು ಜಾಸ್ತಿ ಅಂದರೆ ಆಗಲೇ ಪಕ್ಕದ ಹೋಟೆಲಿನಲ್ಲಿ ಎರಡು ರೂಮ್ ಹಿಡಿಸುತ್ತಿದ್ದೆ. ನಾಲ್ಕು ಗಂಟೆಗೆ ಕೇಳಿದರೆ ಸಿಗುತ್ತದೆ, ಹನ್ನೊಂದಕ್ಕೆ ಕೇಳಿದರೆ ಸಿಗುವುದಿಲ್ಲ. ಮೊದಮೊದಲು ನಮ್ಮ ಮ್ಯಾನೇಜರ್ ದಂಡ ಖರ್ಚು ಅಂದರು. ಮೂರು ತಿಂಗಳ ಲೆಕ್ಕ ತೋರಿಸಿದ ಮೇಲೆ ಸುಮ್ಮನಾದರು. ಆಮೇಲೆ ಯಾರನ್ನು ಕಳಿಸುವುದು ಅಂತ ಪಟ್ಟಿ ನೋಡಿ ತೀರ್ಮಾನ ಮಾಡುತ್ತಿದ್ದೆವು. ಒಬ್ಬರೇ ಬರುವ ಗಂಡಸರು, ಸ್ವಂತ ಗಾಡಿ ಇರುವವರು, ಬೆಳಕಿರುವಾಗಲೇ ಬರುವವರು. ಅವರಿಗೆ ದಾರಿಯಲ್ಲಿರುವಾಗಲೇ ಫೋನ್ ಮಾಡಿ ವಿಷಯ ಹೇಳಿ, ಬೇರೆ ಹೋಟೆಲಿನ ಹೆಸರು ಕೊಟ್ಟು, ಒಂದು ಊಟ ನಮ್ಮ ಲೆಕ್ಕದಲ್ಲಿ ಅನ್ನುತ್ತಿದ್ದೆವು. ಹೆಚ್ಚಿನವರು ಒಪ್ಪುತ್ತಿದ್ದರು. ಒಬ್ಬರೇ ಬರುವ ಹೆಂಗಸರು, ಮಕ್ಕಳಿರುವವರು, ವಯಸ್ಸಾದವರು, ಆಸ್ಪತ್ರೆಗೆ ಬಂದವರು, ಇವರ ಕೀಯನ್ನು ಹಲಗೆಯಿಂದ ತೆಗೆದು ಡ್ರಾಯರಿನಲ್ಲಿ ಹಾಕಿಡುತ್ತಿದ್ದೆ. ಮೇಲೆ ಹೆಸರು ಬರೆದ ಚೀಟಿ. ಅವರು ರಾತ್ರಿ ಎರಡಕ್ಕೆ ಬಂದರೂ ಅದು ಅಲ್ಲೇ ಇರುತ್ತಿತ್ತು.

ಜಂಬೂ ಸವಾರಿ ಮುಗಿಸಿ ವಾಪಸು ಹೊರಡುವ ಮುಂಚೆ ಆ ಹೋಟೆಲಿಗೆ ಒಮ್ಮೆ ಹೋದೆ. ನಂಜನಗೂಡಿನಲ್ಲಿ ಜಾಸ್ತಿ ಆದ ದುಡ್ಡನ್ನು ಮ್ಯಾನೇಜರೇ ಕೊಟ್ಟರು. ಹುಡುಗ ಶಿಫ್ಟಿಗೆ ಆಗಷ್ಟೇ ಬಂದಿದ್ದ. ನಾಲ್ಕು ಗಂಟೆಯ ಲೆಕ್ಕ, ಡ್ರಾಯರಿನ ಚೀಟಿ, ಎರಡನ್ನೂ ಅವನಿಗೆ ಹೇಳಿದೆ. ಕೇಳಿಸಿಕೊಂಡು, "ಡ್ರಾಯರಿಗೆ ಬೀಗ ಇಲ್ಲ ಸಾರ್" ಅಂದ. ನಮ್ಮದಕ್ಕೂ ಇರಲಿಲ್ಲ ಅಂದೆ.