ಹೊಸ ಲ್ಯಾಪ್‌ಟಾಪ್‌ನ ಡಿಸ್ಕ್: ವೇಗಕ್ಕೆಷ್ಟು ದುಡ್ಡು, ಜಾಗಕ್ಕೆಷ್ಟು?

ಒಂದೇ ಬೆಲೆಯ ಎರಡು ಲ್ಯಾಪ್‌ಟಾಪ್. ಒಂದರಲ್ಲಿ 1 ಟಿಬಿ ಹಾರ್ಡ್‌ಡಿಸ್ಕ್, ಇನ್ನೊಂದರಲ್ಲಿ 256 ಜಿಬಿ ಎಸ್‌ಎಸ್‌ಡಿ, ಅಂದರೆ ಚಿಪ್‌ಗಳಲ್ಲಿ ಮಾಹಿತಿ ಇಡುವ ಡಿಸ್ಕ್. ನಾಲ್ಕು ಪಟ್ಟು ಜಾಗ ಕಂಡು ಮೊದಲನೆಯದಕ್ಕೆ ಕೈ ಹಾಕುವುದು ಸಹಜ. ಹಾಕಬೇಡಿ. ಹೊಸ ಮಾಡೆಲ್‌ಗಳಲ್ಲಿ ಹಾರ್ಡ್‌ಡಿಸ್ಕ್ ಈಗ ಅಪರೂಪ, ನಿಜ. ಆದರೆ ಹಳೆ ಸ್ಟಾಕ್‌ನಲ್ಲೂ ರಿಫರ್ಬಿಶ್ಡ್ ಮಾಲಿನಲ್ಲೂ ಇನ್ನೂ ಕಣ್ಣಿಗೆ ಬೀಳುತ್ತದೆ.

ಹಾರ್ಡ್‌ಡಿಸ್ಕ್ ಯಾಕೆ ಬೇಡ ಎಂಬುದನ್ನು ಲೆಕ್ಕದಲ್ಲೇ ನೋಡಿ. ಅದರ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಬೇಕಾದ ಮಾಹಿತಿ ಅದನ್ನು ಓದುವ ಹೆಡ್‌ನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 5.6 ಮಿಲಿಸೆಕೆಂಡ್ ಕಾಯಬೇಕು. ಹೆಡ್ ಜರುಗುವ ಹೊತ್ತು ಬೇರೆ. 7200 ಸುತ್ತಿನ ಡಿಸ್ಕ್‌ನಲ್ಲಿ ಇದು 4.2 ಮಿಲಿಸೆಕೆಂಡ್‌ಗೆ ಇಳಿಯುತ್ತದೆ, ಅಷ್ಟೆ. ವಿಂಡೋಸ್ ಶುರುವಾಗುವಾಗ ಸಾವಿರಾರು ಚಿಕ್ಕ ಫೈಲ್‌ಗಳನ್ನು ಅಲ್ಲೊಂದು ಇಲ್ಲೊಂದು ಕಡೆಯಿಂದ ಓದುತ್ತದೆ. ಪ್ರತಿ ಸಲವೂ ಇದೇ ಕಾಯುವಿಕೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100% ತೋರಿಸುತ್ತಾ, ಓದುತ್ತಿರುವುದು ಮಾತ್ರ ಸೆಕೆಂಡಿಗೆ ಒಂದೆರಡು ಎಂಬಿ ಆಗಿರುವುದು ಇದರಿಂದಲೇ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಕಾಯುವಿಕೆ ಮಿಲಿಸೆಕೆಂಡ್‌ನ ಹತ್ತನೇ ಒಂದು ಭಾಗದ ಆಸುಪಾಸು.

ಮೊದಲು ನಿಮ್ಮ ಬಳಕೆ ಅಳೆಯಿರಿ

ಈಗಿನ ಕಂಪ್ಯೂಟರ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ಸ್ಟೋರೇಜ್ ಎಂದು ಹೋಗಿ. ಎಷ್ಟು ತುಂಬಿದೆ, ಅದರಲ್ಲಿ ಸಿನಿಮಾ, ಹಳೆ ಫೋಟೊ, ಡೌನ್‌ಲೋಡ್ ಎಷ್ಟು ಎಂದು ಬರೆದುಕೊಳ್ಳಿ. ದಿನಾ ಮುಟ್ಟದ್ದೆಲ್ಲ ಹೊರಗಿನ ಡಿಸ್ಕ್‌ಗೆ ಹೋಗಲಿ. ಉಳಿದದ್ದೇ ನಿಮ್ಮ ನಿಜವಾದ ಅಗತ್ಯ.

ಇನ್ನು ಚೀಟಿಯಲ್ಲಿರುವ ಅಂಕಿ. 256 ಜಿಬಿ ಎಂದಿದ್ದರೆ ವಿಂಡೋಸ್ ತೋರಿಸುವುದು 238. 512 ಇದ್ದರೆ 476. ಮೋಸವೇನಿಲ್ಲ, ಕಂಪನಿ ಸಾವಿರದ ಲೆಕ್ಕ ಹಿಡಿಯುತ್ತದೆ, ವಿಂಡೋಸ್ 1024ರ ಲೆಕ್ಕ. ವಿಂಡೋಸ್, ಅದರ ಅಪ್‌ಡೇಟ್, ಆಫೀಸ್ ಎಲ್ಲ ಸೇರಿ ಸುಮಾರು 60 ಜಿಬಿ ಕಳೆಯಿರಿ. ಮತ್ತೆ ಐದನೇ ಒಂದು ಭಾಗ ಖಾಲಿ ಬಿಡಿ. 256ರಲ್ಲಿ ನಿಮಗೆ ದಕ್ಕುವುದು 130 ಜಿಬಿ, 512ರಲ್ಲಿ 320.

ಖಾಲಿ ಯಾಕೆ ಬಿಡಬೇಕು? ಎಸ್‌ಎಸ್‌ಡಿ ಹಳೆಯದರ ಮೇಲೆಯೇ ಹೊಸದನ್ನು ಬರೆಯಲಾರದು. ಬರೆಯುವುದು ಚಿಕ್ಕ ಪುಟಗಳಲ್ಲಿ, ಅಳಿಸುವುದು ದೊಡ್ಡ ಬ್ಲಾಕ್‌ಗಳಲ್ಲಿ. ಜಾಗ ಇಲ್ಲದಾಗ ಇದ್ದ ಮಾಹಿತಿಯನ್ನು ಮೊದಲು ಬೇರೆಡೆಗೆ ಎತ್ತಿಟ್ಟು, ಬ್ಲಾಕ್ ಅಳಿಸಿ, ಆಮೇಲೆ ಬರೆಯಬೇಕು. ಖಾಲಿ ಜಾಗದ ಒಂದಷ್ಟನ್ನು ಅನೇಕ ಎಸ್‌ಎಸ್‌ಡಿಗಳು ವೇಗದ ಕ್ಯಾಶ್ (ತಾತ್ಕಾಲಿಕವಾಗಿ ಬರೆದಿಡುವ ಜಾಗ) ಆಗಿಯೂ ಬಳಸುತ್ತವೆ. ಮೆಮೊರಿಯ ಒಂದೊಂದು ಕೋಶದಲ್ಲೂ ನಾಲ್ಕು ಬಿಟ್ ತುಂಬುವ ಅಗ್ಗದ ಕ್ಯೂಎಲ್‌ಸಿ ಎಸ್‌ಎಸ್‌ಡಿಯಲ್ಲಿ ಆ ಕ್ಯಾಶ್ ಮುಗಿದರೆ ದೊಡ್ಡ ಫೈಲ್ ಬರೆಯುವ ವೇಗ ಹಾರ್ಡ್‌ಡಿಸ್ಕ್‌ನ ಮಟ್ಟಕ್ಕೇ ಕುಸಿಯಬಹುದು. ಮೂರೇ ಬಿಟ್ ಇಡುವ ಟಿಎಲ್‌ಸಿ ಸಿಕ್ಕರೆ ಅದನ್ನೇ ಆರಿಸಿ.

ಜಾಗ ಹೆಚ್ಚಿದ್ದರೆ ವೇಗವೂ ಹೆಚ್ಚುವುದುಂಟು. ಮೆಮೊರಿ ಚಿಪ್‌ಗಳು ಹೆಚ್ಚಿದ್ದಷ್ಟೂ ಒಟ್ಟೊಟ್ಟಿಗೆ ಓದಿ ಬರೆಯಬಹುದು. 2022ರ ಎಂ2 ಮ್ಯಾಕ್‌ಬುಕ್ ಏರ್‌ನ 256 ಜಿಬಿ ಮಾದರಿಗೆ ಒಂದೇ ಚಿಪ್ ಹಾಕಿದ್ದರಿಂದ ಅದರ ಓದುವ ವೇಗ 512ರ ಮಾದರಿಯ ಅರ್ಧದಷ್ಟೇ ಇತ್ತು.

ಯಾವ ವೇಗಕ್ಕೆ ದುಡ್ಡು ಕೊಡಬಾರದು

ಎಸ್‌ಎಸ್‌ಡಿ ಲ್ಯಾಪ್‌ಟಾಪ್ ಜೊತೆ ಮಾತಾಡುವ ಬಗೆ ಎರಡು: ಹಳೆಯ ಸಾಟಾ, ಹೊಸ ಎನ್‌ವಿಎಂಇ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿ ಓದುತ್ತದೆ. ಎನ್‌ವಿಎಂಇ ಜೆನ್ 3 (ಜೆನ್ ಅಂದರೆ ತಲೆಮಾರು) ಸುಮಾರು 3500, ಜೆನ್ 4 ಸುಮಾರು 7000. ಜಾಹೀರಾತಿನಲ್ಲಿ ಮೆರೆಯುವ ಈ ಅಂಕಿಗಳು ದೊಡ್ಡ ಫೈಲ್ ಒಂದನ್ನು ಸಲೀಸಾಗಿ ಓದುವಾಗಿನವು. ಬ್ರೌಸರ್, ಟ್ಯಾಲಿ, ಪವರ್‌ಪಾಯಿಂಟ್ ತೆರೆಯುವವರಿಗೆ ಜೆನ್ 3 ಮತ್ತು 4ರ ನಡುವಿನ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಆ ಹಣದಲ್ಲಿ 256ರ ಬದಲು 512 ತೆಗೆದುಕೊಳ್ಳಿ, ಇಲ್ಲವೇ ರ‍್ಯಾಮ್ 8ರಿಂದ 16 ಜಿಬಿಗೆ ಏರಿಸಿ. 4ಕೆ ವಿಡಿಯೊ ಎಡಿಟ್ ಮಾಡುವವರ ಲೆಕ್ಕ ಬೇರೆ. ಅವರಿಗೆ 1 ಟಿಬಿ ಜೆನ್ 4 ದಂಡವಲ್ಲ.

ಡಿಸ್ಕ್‌ನ ಜಾಗದಲ್ಲಿ ಇಎಂಎಂಸಿ (ಅಗ್ಗದ ಮೆಮೊರಿ ಚಿಪ್) ಎಂದು ಬರೆದಿದ್ದರೆ ಮುಂದಕ್ಕೆ ನಡೆಯಿರಿ. 64 ಅಥವಾ 128 ಜಿಬಿ, ನಿಧಾನ, ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿದ್ದು. ಬದಲಾಯಿಸುವ ಮಾತೇ ಇಲ್ಲ.

ಕೊಳ್ಳುವ ಮುನ್ನ ಕೇಳಿ

ಪಟ್ಟಿಯಾಕಾರದ ಎಸ್‌ಎಸ್‌ಡಿ ಕೂರಿಸುವ ಎಂ.2 ಸ್ಲಾಟ್ ಎಷ್ಟಿವೆ, ಒಂದು ಖಾಲಿ ಇದೆಯೇ? ಇದ್ದರೆ ಇವತ್ತು 512 ಸಾಕು, ನಾಳೆ ಸೇರಿಸಿಕೊಳ್ಳಬಹುದು. ಉದ್ದ ಕೇಳಿಕೊಳ್ಳಿ: 2280 ಅಂದರೆ 80 ಮಿಲಿಮೀಟರ್, ತೆಳು ಮಾಡೆಲ್‌ಗಳಲ್ಲಿ 2242 ಅಥವಾ 2230 ಮಾತ್ರ ಹಿಡಿಸಬಹುದು. ಎಂ.2 ಆಕಾರದಲ್ಲಿ ಸಾಟಾವೂ ಇದೆ, ಎನ್‌ವಿಎಂಇಯೂ ಇದೆ. ಎನ್‌ವಿಎಂಇ ಮಾತ್ರ ಒಪ್ಪುವ ಸ್ಲಾಟ್‌ಗೆ ಸಾಟಾ ಹಾಕಿದರೆ ಕೂರುತ್ತದೆ, ಆದರೆ ಲ್ಯಾಪ್‌ಟಾಪ್ ಅದನ್ನು ಗುರುತಿಸುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳುವವರು ಮಾಡೆಲ್ ನಂಬರ್ ಇಟ್ಟುಕೊಂಡು ಹೋಗಿ. ಎಸ್‌ಎಸ್‌ಡಿ ಹಿಡಿದಿಡುವ ಪುಟ್ಟ ಸ್ಕ್ರೂ ಕೂಡ ಕೇಳಿ ಪಡೆಯಿರಿ, ಡಬ್ಬದಲ್ಲಿ ಎಷ್ಟೋ ಸಲ ಇರುವುದಿಲ್ಲ.

ಡಿಸ್ಕ್ ಬದಲಿಸುವ ಮುನ್ನ, ವಿಂಡೋಸ್ ಡಿಸ್ಕ್‌ಗೆ ಹಾಕುವ ಬೀಗವಾದ ಬಿಟ್‌ಲಾಕರ್‌ನ ರಿಕವರಿ ಕೀ ಬರೆದಿಡಿ. ವಿಂಡೋಸ್ 11 ಹಲವು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕನ್ನು ತಾನಾಗಿಯೇ ಎನ್‌ಕ್ರಿಪ್ಟ್ ಮಾಡಿರುತ್ತದೆ. ಕೀ ಇಲ್ಲದಿದ್ದರೆ ಹಳೆ ಡಿಸ್ಕ್‌ನ ಫೈಲ್‌ಗಳು ಕೈತಪ್ಪಿದಂತೆಯೇ.

ಹೊಸ ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿ, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಡಿಸ್ಕ್ ಮೇಲೆ ಕ್ಲಿಕ್ಕಿಸಿ. ಎಸ್‌ಎಸ್‌ಡಿಯೋ ಹಾರ್ಡ್‌ಡಿಸ್ಕೋ, ಮಾಡೆಲ್ ಯಾವುದು, ಎಷ್ಟು ಜಿಬಿ ಎಂದು ಅಲ್ಲಿರುತ್ತದೆ. ಬಿಲ್‌ಗೆ ತಾಳೆಯಾಗದಿದ್ದರೆ ಅಂಗಡಿ ಬಿಟ್ಟು ಹೊರಡುವ ಮೊದಲೇ ಕೇಳಿ.