ಬೂಷ್ಟಿನ ಸೀಸನ್, ಕಮೋಗಿ ಸೀಸನ್

ಐರ್ಲೆಂಡಿನ ಗಾಲ್ವೇಗೆ ನಾನು ಬಂದಿದ್ದು ಪಿಎಚ್‌ಡಿಗೆ. ಆಶ್ ಮರಗಳನ್ನು ಒಣಗಿಸುವ ಶಿಲೀಂಧ್ರ ನನ್ನ ವಿಷಯ. ಕಮೋಗಿ ಹಿಡಿಸಿದ್ದು ಲ್ಯಾಬಿನ ಗೆಳತಿ. ನಾನು ಕೊಡಗಿನವಳು, ಶಾಲೆಯಿಂದ ಹಾಕಿ ಆಡಿದವಳು ಅಂತ ಗೊತ್ತಾದ ಮೇಲೆ ಅವಳು ಬಿಡಲೇ ಇಲ್ಲ.

ಕಮೋಗಿ ಅಂದರೆ ಹೆಂಗಸರ ಹರ್ಲಿಂಗ್, ಕೋಲು-ಚೆಂಡಿನ ಐರಿಷ್ ಆಟ. ತಂಡಕ್ಕೆ 15 ಜನ, ಕೈಯಲ್ಲಿ ಆಶ್ ಮರದ ಕೋಲು, ಅದೇ ಹರ್ಲಿ, ಸ್ಲಿಟರ್ ಅನ್ನೋ ಗಟ್ಟಿ ಚೆಂಡು. ಬಲೆಗೆ ಹೊಡೆದರೆ 3 ಪಾಯಿಂಟ್, ಅಡ್ಡಪಟ್ಟಿಯ ಮೇಲಿಂದ ದಾಟಿಸಿದರೆ 1. ಹಾಕಿ ಬಂದರೆ ಇದೇನು ಮಹಾ ಅಂದುಕೊಂಡಿದ್ದೆ. ಹಾಕಿಯಲ್ಲಿ ಎಡಗೈ ಮೇಲೆ, ಬಲಗೈ ಕೆಳಗೆ. ಇಲ್ಲಿ ಬಲಗೈಯವರಿಗೆ ಬಲಗೈ ಮೇಲೆ. ಆ ಒಂದು ಹಿಡಿತ ಬದಲಿಸೋಕೆ ಇಡೀ ಚಳಿಗಾಲ ಹೋಯಿತು.

ನಿಜವಾದ ತಲೆನೋವು ಬೇಸಿಗೆ. ಹಿಂದಿನ ವರ್ಷ ಉದುರಿದ ಆಶ್ ಎಲೆಗಳ ದಂಟು ನೆಲದಲ್ಲಿ ಕಪ್ಪಾಗಿ ಬಿದ್ದಿರುತ್ತದಲ್ಲ, ಅದರ ಮೇಲೆ ಜೂನ್ ಹೊತ್ತಿಗೆ ಈ ಶಿಲೀಂಧ್ರದ ಪುಟಾಣಿ ಬಿಳಿ ಅಣಬೆಗಳು ಏಳುತ್ತವೆ. ಗಾಳಿಗೆ ಬೀಜಕಣ ಬಿಡುವುದು ಅವೇ. ಸ್ಯಾಂಪಲ್ ತರಬೇಕಾದ ತಿಂಗಳುಗಳೂ ಅವೇ, ನಮ್ಮ ಮ್ಯಾಚುಗಳ ತಿಂಗಳುಗಳೂ ಅವೇ.

ಮೊದಲ ವರ್ಷ ಚೆನ್ನಾಗಿ ಪೆಟ್ಟು ತಿಂದೆ. ಗುರುವಾರ ಸಂಜೆ ಏಳೂವರೆಗೆ ಪ್ರಾಕ್ಟೀಸ್. ರೋಗದ ಕೊಂಬೆಯ ತುಂಡುಗಳನ್ನು ಪ್ಲೇಟಿನಲ್ಲಿ, ಅಂದರೆ ಲ್ಯಾಬಿನ ಪುಟ್ಟ ತಟ್ಟೆಯಲ್ಲಿ, ಇಟ್ಟು ಶಿಲೀಂಧ್ರ ಬೆಳೆಸುವ ಮೊದಲು ಬ್ಲೀಚಿನಲ್ಲಿ ಹೊತ್ತು ನೋಡಿಕೊಂಡು ಅದ್ದಿಡಬೇಕು, ಹೊರಗಿನ ಬೂಷ್ಟು ಸಾಯಬೇಕು. ನಾನು ಬಸ್ಸಿಗೆ ಅವಸರ ಮಾಡಿ ಬೇಗ ತೆಗೆದೆ. ಸೋಮವಾರ ನೋಡಿದರೆ 40 ಪ್ಲೇಟಿನಲ್ಲಿ 31 ಹಸಿರು! ನಮ್ಮ ಶಿಲೀಂಧ್ರ ಬೆಳೆಯೋದು ಆಮೆ ಥರ. ಬೇರೆ ಬೂಷ್ಟು ಸೇರಿತೋ, ಅದರ ಕಥೆ ಮುಗೀತು.

ಆಮೇಲೆ ಮ್ಯಾಚ್ ಪಟ್ಟಿ ಬಂದ ದಿನವೇ ಗೈಡ್‌ಗೆ ಕೊಡೋಕೆ ಶುರು ಮಾಡಿದೆ. ಬುಧವಾರ ಕಾಡು. ಪ್ಲೇಟ್ ಕೆಲಸ ಶುಕ್ರವಾರ ಬೆಳಿಗ್ಗೆ ಮಾತ್ರ, ಅವತ್ತು ಪ್ರಾಕ್ಟೀಸ್ ಇಲ್ಲ, ಬಸ್ಸಿನ ಅವಸರ ಇಲ್ಲ. ಆಮೆ ವೇಗ ಇಲ್ಲಿ ನನಗೇ ಅನುಕೂಲವಾಯಿತು, ಶನಿವಾರ-ಭಾನುವಾರ ಪ್ಲೇಟ್ ಕಡೆ ತಲೆ ಹಾಕಬೇಕಾಗಿಲ್ಲ. ಡಿಎನ್‌ಎ ನಕಲು ಮಾಡುವ ಪಿಸಿಆರ್ ಯಂತ್ರವನ್ನು ಮಂಗಳವಾರ, ಗುರುವಾರ ಸಂಜೆ ಹಚ್ಚಿ ಹೊರಡುತ್ತೇನೆ. ಅದು ತನ್ನಷ್ಟಕ್ಕೆ ಮುಗಿಸಿ, ಬೆಳಗಿನವರೆಗೆ ತಣ್ಣಗೆ ಕಾಯುತ್ತದೆ.

ಇದಕ್ಕೆಲ್ಲ ಪರಿಹಾರ ಇತ್ತು, ಹೆಬ್ಬೆರಳಿಗೆ ಇರಲಿಲ್ಲ. ಜುಲೈನಲ್ಲಿ ಎದುರಾಳಿಯ ಹರ್ಲಿ ಬಲಗೈ ಹೆಬ್ಬೆರಳಿಗೇ ಬಿತ್ತು. ಹನಿ ಅಳೆದು ಹಾಕುವ ಪಿಪೆಟ್ ಒತ್ತೋದು ಅದರಲ್ಲೇ ಅಲ್ವಾ? ಕೈಗವಸು ಕೂಡ ಏರಲಿಲ್ಲ. ಹತ್ತು ದಿನ ಎಡಗೈಯಲ್ಲಿ ಒತ್ತಿದೆ. ಒಂದು ತಟ್ಟೆಗೆ ಹನಿ ಹಾಕೋ ಪುಟ್ಟ ಕುಳಿಗಳು 96, ಮುಗಿಯೋ ಹೊತ್ತಿಗೆ ಭುಜ ಬಿದ್ದುಹೋಗಿತ್ತು.

ಅವ್ವ ಫೋನಿನಲ್ಲಿ ಕೇಳಿದಳು, "ಅಷ್ಟು ಪೆಟ್ಟು ತಿಂತೀಯಲ್ಲ, ದುಡ್ಡಾದ್ರೂ ಕೊಡ್ತಾರಾ?" ಇಲ್ಲ. ಡಬ್ಲಿನ್ನಿನ ದೊಡ್ಡ ಮೈದಾನ ಕ್ರೋಕ್ ಪಾರ್ಕಿನಲ್ಲಿ ಆಲ್-ಐರ್ಲೆಂಡ್ ಫೈನಲ್ ಆಡುವವರಿಗೂ ಸಂಬಳ ಇಲ್ಲ. ನಮ್ಮ ತಂಡದಲ್ಲಿ ನರ್ಸ್ ಇದ್ದಾಳೆ, ಟೀಚರ್ ಇದ್ದಾಳೆ, ಹಾಲು ಕರೆದು ಬರುವವಳೂ ಇದ್ದಾಳೆ. ರಾತ್ರಿ ಪಾಳಿ ಮುಗಿಸಿ ನೇರ ಮೈದಾನಕ್ಕೆ ಬರುವವಳ ಮುಂದೆ ನನ್ನ ಪ್ಲೇಟಿನ ಗೋಳು ಹೇಳಿಕೊಳ್ಳೋಕೆ ನಾಚಿಕೆ.

ಸೆಪ್ಟೆಂಬರಿನಲ್ಲಿ ನನ್ನ ಹರ್ಲಿ ಎರಡು ತುಂಡಾಯಿತು. ಒಳ್ಳೆ ಹರ್ಲಿಗೆ ಆಶ್ ಮರದ ಬುಡವೇ ಬೇಕು. ಬೇರಿನ ಕಡೆ ತಿರುಗುವ ಎಳೆ ಹರ್ಲಿಯ ತಿರುವಿಗೆ ಸರಿಯಾಗಿ ಕೂರುತ್ತದೆ. ಈ ರೋಗ 2012ರಲ್ಲಿ ಇಲ್ಲಿ ಕಾಣಿಸಿಕೊಂಡ ಮೇಲೆ ಅಂಥ ಮರಕ್ಕೆ ಬರ. ಅಂಗಡಿಯವರು ಬೇರೊಂದು ಹರ್ಲಿ ತೆಗೆದು ಕೈಗಿಟ್ಟರು. "ಇದು ಬೇಗ ಮುರಿಯಲ್ಲ, ಬಿದಿರಿನದು. ಬಿದಿರು ಗೊತ್ತಾ ನಿನಗೆ?"