ನಮ್ಮೂರ ಗುಳೆಯನ್ನು ಕಂಪ್ಯೂಟರ್‌ನಲ್ಲಿ ಕಟ್ಟಿದ್ದು

ನಮ್ಮೂರು ಲಿಂಗಸುಗೂರು ತಾಲ್ಲೂಕಿನದು. ಸುಗ್ಗಿ ಮುಗಿಯಿತು ಅಂದ್ರೆ ಓಣಿಯಲ್ಲಿ ಮನೆಮನೆಗೂ ಬೀಗ. ದುಡಿಯುವವರೆಲ್ಲ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ. ಯಾರು, ಯಾವಾಗ, ಯಾಕೆ ಹೊರಡುತ್ತಾರೆ ಅನ್ನುವುದನ್ನು ಕಂಪ್ಯೂಟರ್ ಮಾದರಿಯಲ್ಲಿ ಕಟ್ಟಿ ನೋಡುವ ಆಸೆ ನನಗೆ ಬಹಳ ದಿನದಿಂದ ಇತ್ತು.

ನೆಟ್‌ಲೋಗೋ ಬಳಸಿದೆ. ಒಬ್ಬೊಬ್ಬರಿಗೂ ನಿಯಮ ಬರೆದು, ಎಲ್ಲರೂ ಸೇರಿದಾಗ ಏನಾಗುತ್ತದೆ ಎಂದು ಓಡಿಸಿ ನೋಡುವ ತಂತ್ರಾಂಶ ಅದು. ಪುಕ್ಕಟೆ ಸಿಗುತ್ತದೆ. 200 ಮನೆ ಇಟ್ಟೆ, ಮಾದರಿಯ ಒಂದು ಹೆಜ್ಜೆ ಅಂದ್ರೆ ಒಂದು ವಾರ.

ಮೊದಲು ಹಾಕಿದ್ದು ಹ್ಯಾರಿಸ್, ಟೊಡಾರೊ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರ 1970ರ ಲೆಕ್ಕ. ಪಟ್ಟಣದ ಕೂಲಿಯನ್ನು ಅಲ್ಲಿ ಕೆಲಸ ಸಿಗುವ ಸಾಧ್ಯತೆಯಿಂದ ಗುಣಿಸಬೇಕು. ಬಂದದ್ದು ಊರ ಕೂಲಿಗಿಂತ ಜಾಸ್ತಿ ಇದ್ದರೆ ಆಳು ಹೊರಡುತ್ತಾನೆ. ಪಟ್ಟಣದಲ್ಲಿ ಕೆಲಸವಿಲ್ಲದವರು ತುಂಬಿದ್ದರೂ ಜನ ಯಾಕೆ ಹೋಗುತ್ತಾರೆ ಅನ್ನುವುದಕ್ಕೆ ಇದು ಒಳ್ಳೆಯ ಉತ್ತರವೇ. ಆದರೆ ಓಡಿಸಿದಾಗ ಹೋದವರು ಮುಂಗಾರಿಗೆ ತಿರುಗಿ ಬರಲೇ ಇಲ್ಲ. ನಮ್ಮೂರು ಹಾಗಲ್ವಲ್ಲ!

ದೊಡ್ಡವ್ವನ ಮುಂದೆ ಹೇಳಿದೆ. "ಕೂಲಿ ಲೆಕ್ಕ ಯಾರು ಹಾಕ್ತಾರಪ್ಪಾ? ಮೇಸ್ತ್ರಿ ಮುಂಗಡ ಕೊಟ್ಟಿರ್ತಾನ, ಹೋಗಾಕ ಬೇಕು" ಅಂದಳು.

ಎಲ್ಲ ಅಳಿಸಿ ಮತ್ತೆ ಬರೆದೆ. ತೀರ್ಮಾನ ಒಬ್ಬ ಆಳಿನದಲ್ಲ, ಮನೆಯದು ಎಂದು ಮಾಡಿದೆ. ಪಕ್ಕದ ಮನೆಯವರು ಹೊರಟರೆ ಇವರೂ ಹೊರಡುವ ಸಾಧ್ಯತೆ ಹೆಚ್ಚುತ್ತದೆ. ಮುಂಗಡ ಸಾಲವಾಗಿ ಕೂತಿರುತ್ತದೆ, ತೀರುವ ತನಕ ಬಿಡುಗಡೆಯಿಲ್ಲ. ಬಿತ್ತನೆಯ ವಾರಗಳಲ್ಲಿ ಹೊಲ ಕರೆಯುತ್ತದೆ.

ಈ ಸಲ ಓಣಿಗೆ ಓಣಿಯೇ ಖಾಲಿಯಾಯಿತು, ಜೂನ್‌ನಲ್ಲಿ ತುಂಬಿತು. ಕೆಲವು ಮನೆಗಳ ಸಾಲ ಮಾತ್ರ ತೀರಿರಲಿಲ್ಲ. ಅವು ಬಿತ್ತನೆ ತಪ್ಪಿಸಿಕೊಂಡವು, ಮುಂದಿನ ವರ್ಷ ಇನ್ನೂ ದೊಡ್ಡ ಮುಂಗಡ ತೆಗೆದುಕೊಂಡವು. ಹೀಗಾಗಲಿ ಎಂದು ನಾನು ಎಲ್ಲೂ ಬರೆದಿರಲಿಲ್ಲ. ಪರದೆ ನೋಡುತ್ತಾ ಸುಮ್ನೆ ಕೂತುಬಿಟ್ಟೆ. ಅಂಥ ಮನೆ ನಮ್ಮ ಓಣಿಯಲ್ಲೇ ಇದೆ.

ಸರ್ಕಾರದ ಉದ್ಯೋಗ ಖಾತ್ರಿ ಕೆಲಸವನ್ನೂ ಹಾಕಿ ನೋಡಿದೆ. ಕೂಲಿ ವಾರಕ್ಕೆ ಬಂದರೆ ಒಂದಿಷ್ಟು ಮನೆ ಉಳಿಯುತ್ತವೆ. ಎರಡು ತಿಂಗಳು ತಡ ಮಾಡಿದೆ, ಮುಂಗಡವೇ ಗೆದ್ದಿತು. ಕೈಗೆ ಮೊದಲು ಬರುವ ರೊಕ್ಕದ ತೂಕವೇ ಬೇರೆ.

ಇದನ್ನು ಜನಗಣತಿ ಜೊತೆ ಹೋಲಿಸಲು ಹೋದರೆ ಕಷ್ಟ. 2011ರ ಗಣತಿ ಹುಟ್ಟಿದ ಊರು, ಹಿಂದಿನ ವಾಸದ ಊರು ಕೇಳುತ್ತದೆ. ಚಳಿಗೆ ಹೋಗಿ ಮುಂಗಾರಿಗೆ ಬರುವವರು ಅದರಲ್ಲಿ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಓಣಿಯ ಬೀಗಗಳನ್ನು ನಾನೇ ವಾರವಾರ ಎಣಿಸಿ ಬರೆದಿಟ್ಟೆ.

ಈಗ ಸಿಂಧನೂರು ಕಡೆಯ ಭತ್ತದ ನಾಟಿ ಸೇರಿಸುತ್ತಿದ್ದೇನೆ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಎರಡನೇ ಬೆಳೆಗೆ ನೀರಿದ್ದರೆ ನಮ್ಮ ಹೆಣ್ಣುಮಕ್ಕಳಿಗೆ ಅಲ್ಲೇ ಕೆಲಸ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದ ಮೇಲೆ, ನೀರಿಲ್ಲದ ವರ್ಷ ಎಷ್ಟು ಬೀಗ ಹೆಚ್ಚುತ್ತವೆ ಅನ್ನುವ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.